ಟೀಚರ್ ಅಡುಗೆಮನೆ: ಎಂಟು ಗಂಟೆ ಬೆಂದರೂ ಬೀಫ್ ನಾರಾಗುವುದೇಕೆ?

ಮಗಳು ಅಬುಧಾಬಿಯಿಂದ ತಂದುಕೊಟ್ಟ ಸ್ಲೋ ಕುಕ್ಕರಿನಲ್ಲಿ, ಅಂದರೆ ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ಕರೆಂಟಿನ ಪಾತ್ರೆಯಲ್ಲಿ, ಬೀಫ್ ಬೇಯಿಸಿದ ಸಂಗತಿಯನ್ನು ಕಳೆದ ಸಂಚಿಕೆಯಲ್ಲಿ ನಾಲ್ಕೇ ಸಾಲಿನಲ್ಲಿ ಬರೆದಿದ್ದೆ. ಆ ನಾಲ್ಕು ಸಾಲಿಗೆ ಬಂದಷ್ಟು ಪತ್ರ ಮಿಡಿ ಉಪ್ಪಿನಕಾಯಿಯ ಬಗ್ಗೆ ಬರೆದ ನಾಲ್ಕು ಪುಟಕ್ಕೂ ಬಂದಿರಲಿಲ್ಲ. ಗಲ್ಫಿನಿಂದ ಬಂದ ಎಷ್ಟು ಸ್ಲೋ ಕುಕ್ಕರುಗಳು ನಮ್ಮ ಕಾಸರಗೋಡಿನ ಮನೆಗಳ ಅಟ್ಟದಲ್ಲಿ, ಪೆಟ್ಟಿಗೆಯನ್ನೂ ಬಿಚ್ಚದೆ ಕುಳಿತಿವೆ ಎಂದು ಈಗ ತಿಳಿಯಿತು. ಹಾಗಾಗಿ ಈ ಸಲ ಅದೊಂದೇ ವಿಷಯ. ತರಕಾರಿಯವರು ಸಿಟ್ಟಾಗಬೇಡಿ, ಮುಂದಿನ ತಿಂಗಳು ಹಲಸಿನಕಾಯಿಗೆ ಬರುತ್ತೇನೆ.

ಟೀಚರೇ, ಗಂಡನ ಅಣ್ಣ ದುಬೈಯಿಂದ ಸ್ಲೋ ಕುಕ್ಕರ್ ತಂದರು. ಮೊದಲ ಅಡುಗೆ ಚೆನ್ನಾಗಿರಲಿ ಎಂದು ಕೊಬ್ಬಿಲ್ಲದ, ನರವಿಲ್ಲದ ಅಂಡರ್‌ಕಟ್ ಒಂದು ಕಿಲೋ ತರಿಸಿದೆ. ಬೆಳಿಗ್ಗೆ ಎಂಟಕ್ಕೆ ಇಟ್ಟು ಸಂಜೆ ನಾಲ್ಕಕ್ಕೆ ತೆಗೆದೆ. ಮುಟ್ಟಿದರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ಆದರೆ ಬಾಯಿಗೆ ಹಾಕಿದರೆ ತೆಂಗಿನ ನಾರು ಅಗಿದ ಹಾಗೆ. ಅತ್ತೆ ಒಂದು ಮಾತೂ ಆಡಲಿಲ್ಲ, ಅದೇ ನನಗೆ ಹೆಚ್ಚು ಬೇಸರ. ಎಲ್ಲಿ ತಪ್ಪಿದೆ?
— ಕುಂಬಳೆಯ ಓದುಗರು

ನೀವು ತಪ್ಪಿದ್ದು ಅಡುಗೆಮನೆಯಲ್ಲಿ ಅಲ್ಲ, ಅಂಗಡಿಯಲ್ಲಿ. ಅಂಡರ್‌ಕಟ್ ಎಂದರೆ ಬೆನ್ನೆಲುಬಿನ ಒಳಬದಿಗೆ ಅಂಟಿಕೊಂಡಿರುವ ಉದ್ದನೆಯ ಮಾಂಸ. ದನವಾಗಲಿ ಎಮ್ಮೆಯಾಗಲಿ, ನಡೆಯುವಾಗಲೂ ಮೇಯುವಾಗಲೂ ಆ ಭಾಗಕ್ಕೆ ಹೆಚ್ಚು ಕೆಲಸವಿಲ್ಲ. ಅದಕ್ಕೇ ಅದು ಹುಟ್ಟಾ ಮೆತ್ತಗೆ. ಕಾವಲಿಯ ಮೇಲೆ ಎರಡೂ ಬದಿ ನಾಲ್ಕು ನಾಲ್ಕು ನಿಮಿಷ ಹುರಿದು ತಿನ್ನಬೇಕಾದ ಮಾಂಸವದು. ಅದನ್ನು ಎಂಟು ಗಂಟೆ ಬೇಯಿಸುವುದೆಂದರೆ ಎಳೆ ಬೆಂಡೆಕಾಯಿಯನ್ನು ಎಂಟು ಗಂಟೆ ಬೇಯಿಸಿದಂತೆ.

ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದ ಚಾಳಿ ಬಿಡುವುದಿಲ್ಲ, ಸ್ವಲ್ಪ ಸಹಿಸಿಕೊಳ್ಳಿ. ಮಾಂಸದ ತುಂಡನ್ನು ಹುರಿಹಗ್ಗದ ಕಟ್ಟು ಎಂದುಕೊಳ್ಳಿ. ಹಗ್ಗದ ಎಳೆಗಳೇ ಸ್ನಾಯು. ಎಳೆಗಳನ್ನು ಸುತ್ತಿ ಕಟ್ಟಿರುವ ಬಿಳಿಯ ಪೊರೆ ಮತ್ತು ನರದಲ್ಲಿರುವುದು ಕೊಲಾಜೆನ್ ಎಂಬ ಗಟ್ಟಿ ಪ್ರೋಟೀನು. ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಎಳೆಗಳು ಕುಗ್ಗಿ, ಬಟ್ಟೆ ಹಿಂಡಿದ ಹಾಗೆ ತಮ್ಮೊಳಗಿನ ನೀರನ್ನು ಹೊರಗೆ ಹಿಂಡುತ್ತವೆ. ಇದು ಎಲ್ಲ ಮಾಂಸಕ್ಕೂ ಆಗುತ್ತದೆ, ತಪ್ಪಿಸುವಂತಿಲ್ಲ. ಆದರೆ 70 ಡಿಗ್ರಿಯಿಂದ ಮೇಲೆ, ಗಂಟೆಗಟ್ಟಲೆ ಬಿಸಿಯಲ್ಲಿದ್ದರೆ, ಆ ಬಿಳಿಯ ನರ ನಿಧಾನವಾಗಿ ಕರಗಿ ಜೆಲಾಟಿನ್ ಆಗುತ್ತದೆ. ಬೆರಳಿಗೆ ಅಂಟುವ, ತುಟಿಗೆ ಹತ್ತುವ ಆ ಜಿಗುಟು ಅದೇ. ನೀರು ಕಳೆದುಕೊಂಡ ಎಳೆಗಳಿಗೆ ಅದು ಎಣ್ಣೆ ಸವರಿದಂತೆ ಸವರಿಕೊಳ್ಳುತ್ತದೆ. ಬಾಯಿ ಅದನ್ನೇ ಮೆತ್ತಗೆ ಎನ್ನುತ್ತದೆ. ಅಂಡರ್‌ಕಟ್‌ನಲ್ಲಿ ಕರಗಲು ನರವೇ ಇಲ್ಲ. ಹಿಂಡಿದ ಎಳೆಗಳು ಒಣಗಿದ ಎಳೆಗಳಾಗಿಯೇ ಉಳಿದವು. ಬಿಚ್ಚಿಕೊಂಡರೂ ನಾರು ನಾರು.

ಇನ್ನು ಮೇಲೆ ಅಂಗಡಿಗೆ ಹೋದಾಗ ಯಾರೂ ಕೇಳದ ತುಂಡುಗಳನ್ನು ಕೇಳಿ. ಮೊಣಕಾಲಿನ ಕೆಳಗಿನ ಮಾಂಸ, ಹೆಗಲು, ಎದೆ, ಸಿಕ್ಕಿದರೆ ಬಾಲ. ಕಾಲಿನ ಮಾಂಸವನ್ನು ಅಡ್ಡ ಕೊಯ್ದಾಗ ಮಧ್ಯದಲ್ಲಿ ಬಿಳಿಯ ಗೆರೆಗಳು ಹೂವಿನ ಎಸಳಿನಂತೆ ಕಾಣುತ್ತವೆ. ಆ ಗೆರೆ ಹೆಚ್ಚಿದ್ದಷ್ಟೂ ನಮಗೆ ಒಳ್ಳೆಯದು. ಕತ್ತರಿಸುವವನು ಅಭ್ಯಾಸದಂತೆ ನರವನ್ನು ತೆಗೆಯಲು ಹೊರಟರೆ ಕೈ ಹಿಡಿದು ನಿಲ್ಲಿಸಿ. ನಾನು ಹೋಗುವ ಅಂಗಡಿಯ ಹುಡುಗ ನನ್ನ ಶಿಷ್ಯನೇ. ಮೊದಲ ದಿನ "ಟೀಚರೇ, ಇದು ನಾಯಿಗೆ ಕೊಡುವುದು" ಎಂದು ಸಂಕೋಚಪಟ್ಟಿದ್ದ. ಈಗ ನನಗೆಂದೇ ಕಾಲು ತೆಗೆದಿಡುತ್ತಾನೆ, ಬೆಲೆಯನ್ನೂ ಏರಿಸಿದ್ದಾನೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಡೆ ಬೀಫ್ ಎಂದು ಸಿಗುವುದು ಹೆಚ್ಚಾಗಿ ಎಮ್ಮೆ, ಕೋಣದ ಮಾಂಸ, ಮಲಯಾಳದವರು ಪೋತ್ತ್ ಎನ್ನುವುದು. ಬಣ್ಣ ಕಡುಗೆಂಪು, ಕೊಬ್ಬು ಬಿಳಿ. ದನದ ಕೊಬ್ಬಾದರೆ ಸ್ವಲ್ಪ ಹಳದಿ ಇರುತ್ತದೆ. ವಿದೇಶದ ಪುಸ್ತಕದಲ್ಲಿ ಬರೆದಿರುವ ಸಮಯ ಕೊಬ್ಬಿನ ಎಳೆಯ ಹೋರಿಯದ್ದು. ನಮ್ಮ ಪೋತ್ತಿಗೆ ಅದರ ಮೇಲೆ ಒಂದು ಗಂಟೆ ಸೇರಿಸಿಕೊಳ್ಳಿ. ಕಾಲಿನ ಮಾಂಸ ಎರಡು ಬೆರಳು ದಪ್ಪದ ತುಂಡಾದರೆ ಕುಕ್ಕರಿನ ಗುಂಡಿಯನ್ನು 'ಲೋ'ದಲ್ಲಿಟ್ಟು ಒಂಬತ್ತು ಗಂಟೆ, 'ಹೈ'ಯಲ್ಲಿಟ್ಟು ಐದು. ಲೋ ಎಂದರೆ ಕಡಿಮೆ ಬಿಸಿ, ಹೈ ಎಂದರೆ ಹೆಚ್ಚು ಬಿಸಿ ಎಂದು ಅನೇಕರು ತಿಳಿದಿದ್ದಾರೆ. ಕೊನೆಗೆ ಎರಡೂ ತಲುಪುವುದು ಕುದಿಯುವುದಕ್ಕೆ ಸ್ವಲ್ಪ ಮೊದಲಿನ ಬಿಸಿಯನ್ನೇ. ಒಂದು ನಡೆದುಕೊಂಡು ಹೋಗುತ್ತದೆ, ಇನ್ನೊಂದು ಬಸ್ಸಿನಲ್ಲಿ ಹೋಗುತ್ತದೆ.

ಹಾಗೆಯೇ ಆದಿತ್ಯವಾರ ಬೆಳಿಗ್ಗೆ ಕಡಿದ ಮಾಂಸವನ್ನು ಆ ಬೆಳಿಗ್ಗೆಯೇ ಒಲೆಗೆ ಏರಿಸುವ ಅವಸರ ಬೇಡ. ಕಡಿದ ಕೆಲವೇ ಗಂಟೆಗಳಲ್ಲಿ ಸ್ನಾಯು ಮರಗಟ್ಟುತ್ತದೆ, ಸಡಿಲವಾಗಲು ಒಂದು ದಿನವಾದರೂ ಬೇಕು. ಶನಿವಾರ ತಂದು, ಉಪ್ಪು, ಅರಸಿನ ಸವರಿ ಫ್ರಿಜ್ಜಿನಲ್ಲಿಟ್ಟು, ಆದಿತ್ಯವಾರ ಬೇಯಿಸಿ ನೋಡಿ. "ತಾಜಾ ಅಲ್ಲವೇ?" ಎಂದು ಕೇಳುವವರು ನಿಮ್ಮ ಮನೆಯಲ್ಲೂ ಇರುತ್ತಾರೆ. ತಿಂದ ಮೇಲೆ ಕೇಳುವುದಿಲ್ಲ.

ಅತ್ತೆಗೆ ಮುಂದಿನ ಸಲ ಕಾಲಿನ ಮಾಂಸದ ಸಾರು, ಪತ್ತಿರಿ ಎಂಬ ತೆಳ್ಳಗಿನ ಅಕ್ಕಿರೊಟ್ಟಿ ಬಡಿಸಿ. ಏನಾದರೂ ಹೇಳಿಯೇ ಹೇಳುತ್ತಾರೆ.

ಮಾಂಸ ಬೇಯುತ್ತದೆ, ಆದರೆ ಸಾರು ಮಾತ್ರ ಬೋರ್‌ವೆಲ್ ನೀರಿನ ಹಾಗೆ. ಮನೆಯಲ್ಲಿ ಒಲೆಯ ಮೇಲೆ ಹಾಕುವ ಮಸಾಲೆಯನ್ನೇ ಅಷ್ಟೇ ಅಳತೆಯಲ್ಲಿ ಹಾಕಿದ್ದೇನೆ. ಪರಿಮಳ ಎಲ್ಲಿ ಹೋಯಿತು?
— ಬದಿಯಡ್ಕದಿಂದ, ಹೆಂಡತಿ ಊರಿನಲ್ಲಿಲ್ಲದ ಒಬ್ಬರು

ನೀವು ಎಷ್ಟು ನೀರು ಹಾಕಿದಿರಿ ಎಂದು ಬರೆದಿಲ್ಲ. ಮಾಂಸ ಮುಳುಗುವಷ್ಟು ಹಾಕಿರುತ್ತೀರಿ, ಬಾಜಿ ಕಟ್ಟುತ್ತೇನೆ. ಒಲೆಯ ಮೇಲಿನ ಪಾತ್ರೆಯಲ್ಲಿ ಅರ್ಧ ನೀರು ಹಬೆಯಾಗಿ ಮಾಡಿನ ಹೆಂಚಿಗೆ ಹೋಗುತ್ತದೆ. ಸ್ಲೋ ಕುಕ್ಕರಿನಲ್ಲಿ ಎದ್ದ ಹಬೆ ಗಾಜಿನ ಮುಚ್ಚಳಕ್ಕೆ ತಾಗಿ ಹನಿಯಾಗಿ ಮರಳಿ ಬೀಳುತ್ತದೆ, ಒಂದು ತೊಟ್ಟೂ ಕಳೆಯುವುದಿಲ್ಲ. ಅದರ ಮೇಲೆ ಒಂದು ಕಿಲೋ ಮಾಂಸ ತಾನೇ ಒಂದು ದೊಡ್ಡ ಲೋಟದಷ್ಟು ರಸ ಬಿಡುತ್ತದೆ. ಸಾರು ಬೇಕೆಂದರೆ ಒಂದು ಲೋಟ ನೀರು ಸಾಕು, ಹುರಿದದ್ದು ಬೇಕೆಂದರೆ ನೀರೇ ಬೇಡ.

ಪರಿಮಳದ ವಿಷಯ ಬೇರೆ. ಹಸಿ ಮಾಂಸ, ಹಸಿ ನೀರುಳ್ಳಿ, ಹಸಿ ಮಸಾಲೆ ಎಲ್ಲವನ್ನೂ ಒಟ್ಟಿಗೆ ಸುರಿದು ಗುಂಡಿ ಒತ್ತುವುದು ಡಬ್ಬಿಯ ಮೇಲಿನ ಚಿತ್ರದಲ್ಲಿ ಮಾತ್ರ ಚೆಂದ. ಹುರಿದ ಮಾಂಸದ ಕಂದು ಬಣ್ಣ, ಆ ವಾಸನೆ ಹುಟ್ಟುವುದು ಸುಮಾರು 140 ಡಿಗ್ರಿಯ ಮೇಲೆ. ನೀರಿರುವ ಪಾತ್ರೆ 100 ದಾಟುವುದಿಲ್ಲ. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀ ಮಯಾರ್ ಎಂಬ ರಸಾಯನ ವಿಜ್ಞಾನಿ ವಿವರಿಸಿದ ಕ್ರಿಯೆಯದು, ಅವನ ಹೆಸರಿನಲ್ಲೇ ಇದೆ. ಆದ್ದರಿಂದ ಮೊದಲು ಬಾಣಲೆ, ಆಮೇಲೆ ಸ್ಲೋ ಕುಕ್ಕರ್. ಹುರಿದರೆ ರಸ ಒಳಗೇ ಬಂಧಿಯಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಲೀಬಿಗ್ ಎಂಬ ದೊಡ್ಡ ವಿಜ್ಞಾನಿಯೂ ಹಾಗೆಯೇ ಹೇಳಿದ್ದ. ಅದು ತಪ್ಪು. ಹುರಿಯುವುದು ರುಚಿಗಾಗಿ ಅಷ್ಟೇ.

ನನ್ನ ಮನೆಯ ಕ್ರಮ ಹೇಳುತ್ತೇನೆ. ಒಂದು ಕಿಲೋ ಕಾಲಿನ ಅಥವಾ ಹೆಗಲಿನ ಮಾಂಸ. ತೊಳೆದು ತೂತಿನ ಪಾತ್ರೆಯಲ್ಲಿ ಅರ್ಧ ಗಂಟೆ ನೀರು ಬಸಿಯಲು ಬಿಡಿ, ಒದ್ದೆ ಮಾಂಸ ಹುರಿಯುವುದಿಲ್ಲ, ಬೇಯುತ್ತದೆ. ಆ ಹೊತ್ತಿನಲ್ಲಿ ಎಂಟು ಬ್ಯಾಡಗಿ ಮೆಣಸು, ಎರಡು ದೊಡ್ಡ ಚಮಚ ಕೊತ್ತಂಬರಿ, ಒಂದು ಸಣ್ಣ ಚಮಚ ಬಡೆಸೋಂಪು, ಅಷ್ಟೇ ಕಾಳುಮೆಣಸು, ಅರ್ಧ ಚಮಚ ಜೀರಿಗೆ, ಎರಡು ತುಂಡು ಚಕ್ಕೆ, ನಾಲ್ಕು ಲವಂಗ ಬೇರೆ ಬೇರೆಯಾಗಿ ಹುರಿದು ಪುಡಿ ಮಾಡಿ. ದಪ್ಪ ತಳದ ಬಾಣಲೆಯಲ್ಲಿ ಮೂರು ಚಮಚ ತೆಂಗಿನೆಣ್ಣೆ ಕಾಯಿಸಿ, ಮಾಂಸವನ್ನು ಮೂರು ಸಲವಾಗಿ ಹುರಿಯಿರಿ. ಒಂದೇ ಸಲ ಸುರಿದರೆ ಬಾಣಲೆ ತಣ್ಣಗಾಗಿ ರಸ ಬಿಡುತ್ತದೆ. ಅದೇ ಎಣ್ಣೆಗೆ ಎರಡು ಮುಷ್ಟಿ ಸಣ್ಣ ನೀರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಹೆಬ್ಬೆರಳಿನಷ್ಟು ಶುಂಠಿ ಜಜ್ಜಿ ಹಾಕಿ, ಕೆಂಪಾದ ಮೇಲೆ ಪುಡಿಯನ್ನೂ ಅರಸಿನವನ್ನೂ ಹಾಕಿ ಅರ್ಧ ನಿಮಿಷ ಮಗುಚಿ. ತಳಕ್ಕೆ ಹತ್ತಿದ ಕಂದನ್ನು ಕಾಲು ಲೋಟ ನೀರು ಹಾಕಿ ಕೆರೆದು, ಎಲ್ಲವನ್ನೂ ಸ್ಲೋ ಕುಕ್ಕರಿಗೆ ಬಗ್ಗಿಸಿ. ಅರ್ಧದಿಂದ ಮೂರರಲ್ಲಿ ಎರಡು ಪಾಲು ತುಂಬಿರಬೇಕು. ಅದಕ್ಕಿಂತ ಕಡಿಮೆಯಾದರೆ ಬದಿ ಸೀದುಹೋಗುತ್ತದೆ, ಹೆಚ್ಚಾದರೆ ನಡುವೆ ಬಿಸಿ ತಲುಪುವುದಿಲ್ಲ. ಉಪ್ಪು, ಒಂದು ಕಡ್ಡಿ ಕರಿಬೇವಿನಸೊಪ್ಪು. ಮುಚ್ಚಿ. ಮರೆತುಬಿಡಿ.

ಮರೆಯಿರಿ ಎಂದದ್ದು ಸುಮ್ಮನೆ ಅಲ್ಲ. ಮುಚ್ಚಳ ಒಮ್ಮೆ ತೆಗೆದರೆ ಕಳೆದುಹೋದ ಬಿಸಿ ಮರಳಿ ಬರಲು ಇಪ್ಪತ್ತರಿಂದ ಮೂವತ್ತು ನಿಮಿಷ. ನನ್ನ ಗಂಡ ಹಾದುಹೋಗುವಾಗಲೆಲ್ಲ "ಆಯಿತಾ?" ಎಂದು ಮುಚ್ಚಳ ಎತ್ತುತ್ತಿದ್ದರು. ಒಂಬತ್ತು ಗಂಟೆಯ ಮಾಂಸ ಹನ್ನೊಂದು ಗಂಟೆಯದಾಯಿತು. ಈಗ ಮುಚ್ಚಳದ ಮೇಲೆ ಅಡಿಕೆ ಕತ್ತರಿ ಇಡುತ್ತೇನೆ. ತೆಗೆದರೆ ಸದ್ದಾಗುತ್ತದೆ.

ಒಂಬತ್ತು ಗಂಟೆಯ ನಂತರ ಕೆಲಸ ಮುಗಿಯಿತೆಂದುಕೊಳ್ಳಬೇಡಿ, ರುಚಿ ಬರುವುದು ಈಗಲೇ. ರಸವನ್ನು ಮಾತ್ರ ಅಗಲ ಬಾಣಲೆಗೆ ಬಸಿದು, ದೊಡ್ಡ ಉರಿಯಲ್ಲಿ ಜೇನಿನಷ್ಟು ಮಂದವಾಗುವವರೆಗೆ ಕುದಿಸಿ. ಇನ್ನೊಂದು ಕಡೆ ಅರ್ಧ ಹಿಡಿ ತೆಂಗಿನಕಾಯಿ ಹೋಳನ್ನು ತೆಂಗಿನೆಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದು, ಕರಿಬೇವಿನಸೊಪ್ಪು ಚಟಪಟ ಎನ್ನಿಸಿ, ಮಾಂಸ ಮತ್ತು ಮಂದವಾದ ರಸ ಸೇರಿಸಿ ಹತ್ತು ನಿಮಿಷ ಮೆಲ್ಲನೆ ಮಗುಚಿ. ಕೊನೆಗೆ ಆಗಷ್ಟೇ ಜಜ್ಜಿದ ಕಾಳುಮೆಣಸು. ಮಲಯಾಳದಲ್ಲಿ ಉಲರ್ತ್ತಿಯದ್ ಎನ್ನುವುದು ಇದನ್ನೇ. ಮಾಂಸ ಮೆತ್ತಗಾಗಿರುವುದರಿಂದ ಸೌಟು ಜೋರಾಗಿ ಆಡಿಸಬೇಡಿ, ಪುಡಿಯಾದೀತು. ನೀವು ಸಾರೇ ಬೇಕೆನ್ನುವವರಾದರೆ ತೆಂಗಿನಹಾಲನ್ನು ಕೊನೆಯ ಅರ್ಧ ಗಂಟೆಯಲ್ಲಿ ಹಾಕಿ. ಬೆಳಿಗ್ಗೆಯೇ ಹಾಕಿದರೆ ಸಂಜೆಗೆ ಒಡೆದು ಎಣ್ಣೆ ಮೇಲೆ ತೇಲುತ್ತದೆ.

ಹೆಂಡತಿ ಊರಿಗೆ ಬರುವ ಮುನ್ನ ಒಂದು ಸಲ ಅಭ್ಯಾಸ ಮಾಡಿಕೊಳ್ಳಿ.

ಬೀಫ್ ಮೆತ್ತಗಾಗಲು ಪಪ್ಪಾಯಿ ಕಾಯಿ ಅರೆದು ಹಾಕುತ್ತೇವೆ. ಸ್ಲೋ ಕುಕ್ಕರಿಗೂ ಹಾಕಬಹುದೇ?
— ಉಪ್ಪಳ

ಬೇಡ. ಪಪ್ಪಾಯಿಯ ಹಾಲಿನಲ್ಲಿರುವ ಪಪೇನ್ ಬಿಸಿ ಏರುತ್ತಿರುವಾಗ ಚುರುಕಾಗಿ ಮಾಂಸವನ್ನು ಕತ್ತರಿಸುತ್ತದೆ, ಕುದಿಯ ಹತ್ತಿರ ಬಂದಾಗ ಸತ್ತುಹೋಗುತ್ತದೆ. ಗ್ಯಾಸಿನ ಮೇಲೆ ಆ ನಡುವಿನ ಬಿಸಿ ಹತ್ತು ನಿಮಿಷದಲ್ಲಿ ದಾಟುತ್ತದೆ. ಸ್ಲೋ ಕುಕ್ಕರಿನಲ್ಲಿ ಎರಡು ಮೂರು ಗಂಟೆ ಅಲ್ಲೇ ಉಳಿಯುತ್ತದೆ. ಹೊರಗಿನಿಂದ ಅಂಬಲಿ, ಒಳಗಿನಿಂದ ಮಾಂಸ. ಕಾವಲಿಯ ಮೇಲೆ ಸುಡುವುದಕ್ಕೆ, ಕಬಾಬಿಗೆ ಪಪ್ಪಾಯಿ ಸರಿ.

ಮುಳ್ಳೇರಿಯದಲ್ಲಿ ಮಳೆಗಾಲದಲ್ಲಿ ಕರೆಂಟ್ ಇರುವುದೇ ವಿಶೇಷ. ಬೆಳಿಗ್ಗೆ ಇಟ್ಟು ಕೆಲಸಕ್ಕೆ ಹೋದವಳು ಸಂಜೆ ಬಂದು ನೋಡಿದರೆ ಗಡಿಯಾರದ ಅಂಕಿ ಮಿನುಗುತ್ತಿತ್ತು, ಮಾಂಸ ಉಗುರುಬೆಚ್ಚಗಿತ್ತು. ಕುದಿಸಿ ತಿಂದರೆ ಆಗುವುದಿಲ್ಲವೇ? ಒಂದು ಕಿಲೋ ಚೆಲ್ಲಲು ಮನಸ್ಸು ಬರುವುದಿಲ್ಲ.
— ಮುಳ್ಳೇರಿಯದ ಓದುಗರು

ಚೆಲ್ಲಿ. ನನಗೂ ಮನಸ್ಸು ಬರುವುದಿಲ್ಲ, ಆದರೂ ಚೆಲ್ಲಿ. ಸುಮಾರು 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಕೆಲವು ಜಾತಿಯವು ಬಿಡುವ ವಿಷ ಆಮೇಲೆ ಎಷ್ಟು ಕುದಿಸಿದರೂ ಹೋಗುವುದಿಲ್ಲ, ಸಾಯುವುದು ಬ್ಯಾಕ್ಟೀರಿಯಾ ಮಾತ್ರ. ಕರೆಂಟ್ ಯಾವಾಗ ಹೋಯಿತು, ಎಷ್ಟು ಹೊತ್ತು ಹೋಗಿತ್ತು ಎಂದು ನೋಡಿದವರಿಲ್ಲದಿದ್ದರೆ ವಾದಕ್ಕೆ ಜಾಗವೇ ಇಲ್ಲ. ನೀವು ಮನೆಯಲ್ಲೇ ಇದ್ದು ಕರೆಂಟ್ ಹೋದರೆ ಕಾಯುತ್ತಾ ಕೂರಬೇಡಿ, ಇನ್ನೂ ಬಿಸಿಯಿರುವಾಗಲೇ ಬೇರೆ ಪಾತ್ರೆಗೆ ಬಗ್ಗಿಸಿ ಗ್ಯಾಸಿನಲ್ಲಿ ಮುಗಿಸಿ. ಬೇರೆ ಪಾತ್ರೆ ಎಂದದ್ದನ್ನು ಗಮನಿಸಿ. ಒಳಗಿನ ಪಿಂಗಾಣಿ ಪಾತ್ರೆಯನ್ನೇ ಗ್ಯಾಸಿನ ಮೇಲಿಟ್ಟ ಬುದ್ಧಿವಂತೆ ನಾನು. ಮೂರನೆಯ ನಿಮಿಷಕ್ಕೆ ಟಪ್ ಎಂದಿತು. ಸಾರು ಬರ್ನರಿನ ತೂತುಗಳಿಂದ ಇಳಿದು ಕಪಾಟಿನ ಒಳಗಿನವರೆಗೆ ಹೋಗಿತ್ತು. ಎರಡು ದಿನ ಉಜ್ಜಿದೆ.

ನನ್ನ ಇನ್ನೊಂದು ಸಾಧನೆಯನ್ನೂ ಹೇಳಿಬಿಡುತ್ತೇನೆ. ಕುಕ್ಕರಿನ ಗುಂಡಿ ತಿರುಗಿಸಿ, ಗೋಡೆಯ ಸ್ವಿಚ್ ಹಾಕದೆ ಪೂಜೆಗೆಂದು ಬೇಳದ ಇಗರ್ಜಿಗೆ ಹೋಗಿದ್ದೆ. ಅಲ್ಲಿಂದ ತಂಗಿಯ ಮನೆಗೆ. ಮಧ್ಯಾಹ್ನ ಎರಡಕ್ಕೆ ಬಂದು ಮುಚ್ಚಳ ತೆಗೆದರೆ ಮಾಂಸ ಇಟ್ಟ ಹಾಗೆಯೇ ಇತ್ತು. ಆ ದಿನ ಊಟಕ್ಕೆ ಮೊಟ್ಟೆ. ಅಂದಿನಿಂದ ಹೊರಡುವ ಮುನ್ನ ಅರ್ಧ ಗಂಟೆ ಮೊದಲೇ ಹಾಕಿ, ಮುಚ್ಚಳದ ಒಳಗೆ ಹನಿ ಕಟ್ಟಿದ್ದು ನೋಡಿಯೇ ಚಪ್ಪಲಿ ಮೆಟ್ಟುತ್ತೇನೆ.

ಜೂನ್, ಜುಲೈಯಲ್ಲಿ ನಿಮ್ಮಂಥವರಿಗೆ ಇನ್ನೊಂದು ದಾರಿಯಿದೆ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಪ್ರಚಾರಕ್ಕೆ ತಂದ ಚೂಡಾರಪೆಟ್ಟಿ ನೆನಪಿದೆಯೇ? ಕುದಿದ ಅನ್ನದ ಪಾತ್ರೆಯನ್ನು ಒಳಗಿಟ್ಟು ಮುಚ್ಚಿದರೆ ಉರಿಯಿಲ್ಲದೆ ಬೇಯುವ ಪೆಟ್ಟಿಗೆ. ಮಾಂಸಕ್ಕೂ ಆಗುತ್ತದೆ. ಆದರೆ ಪಾತ್ರೆ ಬಾಯಿವರೆಗೆ ತುಂಬಿರಬೇಕು, ಅರ್ಧ ಗಂಟೆ ಗ್ಯಾಸಿನ ಮೇಲೆ ಚೆನ್ನಾಗಿ ಕುದಿದಿರಬೇಕು, ಎರಡು ಗಂಟೆಗೊಮ್ಮೆ ತೆಗೆದು ಮತ್ತೆ ಹತ್ತು ನಿಮಿಷ ಕುದಿಸಿ ಒಳಗಿಡಬೇಕು. ಹಾಗಾಗಿ ಅದು ಮನೆಯಲ್ಲಿರುವ ದಿನದ ಅಡುಗೆ.

ಪ್ರೆಷರ್ ಕುಕ್ಕರಿನಲ್ಲಿ ಎಂಟು ಸೀಟಿ ಹೊಡೆಸಿದರೆ ಅರ್ಧ ಗಂಟೆಯಲ್ಲಿ ಬೇಯುವ ಮಾಂಸಕ್ಕೆ ಇಡೀ ದಿನ ಕರೆಂಟ್ ಸುಡುವುದು ಯಾವ ಬುದ್ಧಿವಂತಿಕೆ? ಇದು ಗಲ್ಫಿನ ದುಡ್ಡಿನ ಶೋಕಿ ಎನ್ನುವುದು ನನ್ನ ಅಭಿಪ್ರಾಯ. ಪ್ರಕಟಿಸುವ ಧೈರ್ಯವಿದ್ದರೆ ಪ್ರಕಟಿಸಿ.
— ಕಾಸರಗೋಡು ಪೇಟೆಯ ನಿವೃತ್ತ ನೌಕರರು

ಪ್ರಕಟಿಸಿದ್ದೇನೆ. ಮೊದಲು ಕರೆಂಟಿನ ಲೆಕ್ಕ. ನನ್ನ ಮೂರೂವರೆ ಲೀಟರಿನ ಸ್ಲೋ ಕುಕ್ಕರಿನ ತಳದಲ್ಲಿ 200 ವ್ಯಾಟ್ ಎಂದು ಬರೆದಿದೆ. ಒಂಬತ್ತು ಗಂಟೆ ನಿಲ್ಲದೆ ಎಳೆದರೂ 1.8 ಯೂನಿಟ್. ನಿಮ್ಮ ಮನೆಯ ಇಸ್ತ್ರಿಪೆಟ್ಟಿಗೆ ಎರಡು ಗಂಟೆಯಲ್ಲಿ ಅಷ್ಟನ್ನು ಎಳೆದೀತು. ಗ್ಯಾಸಿಗಿಂತ ಅಗ್ಗ ಎಂದು ನಾನು ಹೇಳುತ್ತಿಲ್ಲ, ಮನೆ ಮುಳುಗುವಷ್ಟಲ್ಲ ಎಂದಷ್ಟೇ.

ಪ್ರೆಷರ್ ಕುಕ್ಕರಿನ ಮೇಲೆ ನನಗೆ ಸಿಟ್ಟಿಲ್ಲ. ಅದರ ಅಜ್ಜ ಇವತ್ತಿನವನಲ್ಲ, 1679ರಲ್ಲಿಯೇ ದೆನಿ ಪಾಪಾಂ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ಮೂಳೆಯನ್ನು ಮೆತ್ತಗಾಗಿಸುವ ಉಗಿಪಾತ್ರೆ ತೋರಿಸಿದ್ದ. ಒತ್ತಡದಲ್ಲಿ ಸುಮಾರು 120 ಡಿಗ್ರಿಯ ಬಿಸಿಗೆ ನರ ಬೇಗ ಕರಗುತ್ತದೆ, ನಿಜ. ಅದೇ ಬಿಸಿಗೆ ಎಳೆಗಳೂ ಇನ್ನಷ್ಟು ಬಿಗಿಯಾಗಿ ಹಿಂಡಿಕೊಳ್ಳುತ್ತವೆ. ಐದು ನಿಮಿಷ ಕಡಿಮೆಯಾದರೆ ರಬ್ಬರ್, ಐದು ನಿಮಿಷ ಹೆಚ್ಚಾದರೆ ಚಿಂದಿ. ನಡುವೆ ತೆರೆದು ನೋಡುವಂತಿಲ್ಲ. ಸ್ಲೋ ಕುಕ್ಕರಿನಲ್ಲಿ ಅರ್ಧ ಗಂಟೆ ಹೆಚ್ಚಾದರೂ ಕಡಿಮೆಯಾದರೂ ಮಾಂಸ ನಿಮ್ಮನ್ನು ಕ್ಷಮಿಸುತ್ತದೆ. ನೆಂಟರು ಹನ್ನೊಂದಕ್ಕೆ ಬರುತ್ತೇವೆಂದು ಹತ್ತಕ್ಕೆ ಫೋನ್ ಮಾಡಿದ ದಿನ ನಾನೂ ಪ್ರೆಷರ್ ಕುಕ್ಕರನ್ನೇ ಇಳಿಸುತ್ತೇನೆ.

ಆದರೆ ಗಲ್ಫಿನ ಶೋಕಿ ಎಂಬ ಮಾತು ಒಪ್ಪಲಾರೆ. ಇದನ್ನು ಮಾಡಿದವನು ಅಮೆರಿಕದ ಇರ್ವಿಂಗ್ ನ್ಯಾಕ್ಸನ್. 1936ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1940ರಲ್ಲಿ ಸಿಕ್ಕಿತು. ಅದು ಕ್ರಾಕ್‌ಪಾಟ್ ಎಂಬ ಹೆಸರಿನಲ್ಲಿ ಮನೆಮನೆಗೆ ಹೋದದ್ದು ಬೇರೆ ಕಂಪನಿಯೊಂದು ಕೊಂಡುಕೊಂಡ ಮೇಲೆ, 1971ರಿಂದ. ಅವನಿಗೆ ಇದು ಹೊಳೆದದ್ದು ತಾಯಿ ಹೇಳಿದ ಕಥೆಯಿಂದ. ಅವಳು ಲಿಥುವೇನಿಯಾದ ವಿಲ್ನಿಯಸ್ ಊರಿನ ಯಹೂದಿ ಮನೆಯವಳು. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಕತ್ತಲಾಗುವವರೆಗೆ ಅವರು ಬೆಂಕಿ ಹೊತ್ತಿಸುವಂತಿಲ್ಲ. ಅದಕ್ಕೆ ಶುಕ್ರವಾರ ಸಂಜೆಯೇ ಬೀನ್ಸು, ಮಾಂಸ ತುಂಬಿದ ಪಾತ್ರೆಯನ್ನು ಬೇಕರಿಗೆ ಹೊತ್ತೊಯ್ಯುವುದು. ರೊಟ್ಟಿ ಸುಟ್ಟು ಮುಗಿದ ಗೂಡಿನ ಉಳಿದ ಬಿಸಿಯಲ್ಲಿ ರಾತ್ರಿಯಿಡೀ ಅದು ಬೇಯುವುದು. ಚೋಲೆಂಟ್ ಎನ್ನುತ್ತಾರೆ.

ಇದನ್ನು ಓದಿದಾಗ ನನಗೆ ನನ್ನ ಅಮ್ಮನ ಶನಿವಾರ ರಾತ್ರಿ ನೆನಪಾಯಿತು. ರಾತ್ರಿ ಊಟವಾದ ಮೇಲೆ ಮಣ್ಣಿನ ಅಳಗೆಯಲ್ಲಿ ಎಲುಬಿನ ಮಾಂಸ, ಬಾಫತ್ ಎಂಬ ಮಸಾಲೆ ಪುಡಿ, ಒಂದು ಮೂಲಂಗಿ ಹಾಕಿ ಚೆನ್ನಾಗಿ ಕುದಿಸುವುದು. ಆಮೇಲೆ ಉರಿ ಎಳೆದು, ತೆಂಗಿನ ಗೆರಟೆಯ ಕೆಂಡವನ್ನು ಅಡಿಕೆ ಸಿಪ್ಪೆಯ ಬೂದಿಯಲ್ಲಿ ಹೂತು, ಅಳಗೆಯನ್ನು ಅದರ ಮೇಲಿಟ್ಟು, ಬಾಯಿಗೆ ಹಿಟ್ಟು ಮೆತ್ತುವುದು. ನಾವು ಮಕ್ಕಳು ಒಲೆಯ ಕಡೆ ತಲೆಯಿಟ್ಟೇ ಮಲಗುತ್ತಿದ್ದೆವು, ಚಳಿಗೆ ಅಲ್ಲ. ಬೆಳಿಗ್ಗೆ ಪೂಜೆ ಮುಗಿಸಿ ಎರಡು ಮೈಲಿ ನಡೆದು ಬಂದು ಆ ಹಿಟ್ಟು ಒಡೆಯುವುದು ಅಣ್ಣನ ಹಕ್ಕು. ಸಣ್ಣ ಎಂಬ ಇಡ್ಲಿಯಂಥ ತಿಂಡಿಯ ಜೊತೆ ತಿಂದ ಆ ಸಾರಿಗೆ ಯಾರ ದುಡ್ಡೂ ಇರಲಿಲ್ಲ ಸ್ವಾಮೀ, ಅಪ್ಪನಿಗೆ ವಾರಕ್ಕೆ ಸಿಗುತ್ತಿದ್ದುದೇ ಹತ್ತು ರೂಪಾಯಿ. ಅಗ್ಗವಾಗಿ ಸಿಗುವ ಗಟ್ಟಿ ಮಾಂಸವನ್ನು ತಿನ್ನುವಂತೆ ಮಾಡಲು ಅಮ್ಮನ ಹತ್ತಿರ ಇದ್ದದ್ದು ಬೂದಿ ಮತ್ತು ರಾತ್ರಿ. ಹಿತ್ತಲಲ್ಲಿ ಗೆರಟೆ ರಾಶಿಯಿರುವ ಮನೆಯವರಿಗೆ ಈ ಯಂತ್ರ ಬೇಡವೇ ಬೇಡ.

ಬೀಫಿನ ಜೊತೆ ಮರಗೆಣಸು, ಇಲ್ಲವಾದರೆ ಕೆಂಪು ರಾಜ್ಮಾ ಹಾಕುವ ಆಸೆ. ಒಟ್ಟಿಗೆ ಇಡಬಹುದೇ? ಬಟಾಟೆ ಹಾಕಿದಾಗ ಮಾಂಸ ಬೆಂದರೂ ಬಟಾಟೆ ಗಟ್ಟಿ ಉಳಿಯಿತು, ಇದೇನು ಚೋದ್ಯ?
— ಹೊಸಂಗಡಿ

ಬಟಾಟೆಯನ್ನು ನೀವು ಮೇಲೆ ಹಾಕಿರುತ್ತೀರಿ. ಈ ಬಿಸಿಯಲ್ಲಿ ಗಡ್ಡೆಗಳು ಮಾಂಸಕ್ಕಿಂತ ನಿಧಾನ. ಹಾಗಾಗಿ ಅವು ತಳದಲ್ಲಿ, ಬದಿಗೆ ತಾಗಿಕೊಂಡಿರಬೇಕು, ಮಾಂಸ ಮೇಲೆ. ಹುಣಸೆಹುಳಿ, ಟೊಮೆಟೊ ಮೊದಲೇ ಹಾಕಿದರೂ ಗಡ್ಡೆ ಬೇಯಲು ಹಟ ಹಿಡಿಯುತ್ತದೆ.

ಮರಗೆಣಸನ್ನು ಯಾವತ್ತೂ ಬೇರೆಯಾಗಿ ಬೇಯಿಸಿ ನೀರು ಬಸಿಯಿರಿ. ಆ ನೀರಿನ ಜೊತೆ ಹೋಗಬೇಕಾದ ಸಯನೈಡಿನ ಅಂಶ ಅದರಲ್ಲಿದೆ, ಮುಚ್ಚಿದ ಸ್ಲೋ ಕುಕ್ಕರಿನಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ಬೆಂದ ಮರಗೆಣಸನ್ನು ಹಿಸುಕಿ, ಬೆಂದ ಬೀಫನ್ನು ರಸದ ಸಮೇತ ಅದಕ್ಕೆ ಕಲಸಿ, ಒಗ್ಗರಣೆ ಕೊಡಿ.

ರಾಜ್ಮಾದ ವಿಷಯದಲ್ಲಿ ಮಾತ್ರ ದಯವಿಟ್ಟು ನನ್ನ ಮಾತು ಮೀರಬೇಡಿ. ಹಸಿ ಕೆಂಪು ರಾಜ್ಮಾದಲ್ಲಿ ವಾಂತಿ, ಭೇದಿ ಹಿಡಿಸುವ ಒಂದು ವಿಷವಸ್ತುವಿದೆ. ಚೆನ್ನಾಗಿ ಕುದಿಸಿದರೆ ನಾಶವಾಗುತ್ತದೆ. ಕುದಿಯದೆ 80 ಡಿಗ್ರಿಯ ಸುತ್ತಮುತ್ತ ಬೆಚ್ಚಗಾದರೆ ಹಸಿಯಿದ್ದುದಕ್ಕಿಂತಲೂ ಜೋರಾಗುತ್ತದೆ. ರಾತ್ರಿ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿದ ಮೇಲೆಯೇ ಸ್ಲೋ ಕುಕ್ಕರಿಗೆ ಹಾಕಿ. ನಾನು ಅರ್ಧ ಗಂಟೆ ಕುದಿಸುತ್ತೇನೆ.

ನಾವು ತಲಪಾಡಿಯಿಂದ ಈಚೆ, ಮಂಗಳೂರಿನ ಕಡೆಯವರು. ನಿಮ್ಮ ಅಂಕಣ ಓದಿ ಆಸೆಯಾಯಿತು. ಏನು ಮಾಡುವುದು?
— ಗಡಿಯ ಆಚೆಯಿಂದ

ಕಾನೂನು ಬೇರೆ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕರ್ನಾಟಕದ 2020ರ ಕಾಯ್ದೆಯಂತೆ ಹಸು, ಕರು, ಎತ್ತು, ಹೋರಿ ಯಾವುದನ್ನೂ ಕಡಿಯುವಂತಿಲ್ಲ, ಎಮ್ಮೆ ಕೋಣಗಳಲ್ಲಿ 13 ವರ್ಷ ದಾಟದವನ್ನೂ ಕಡಿಯುವಂತಿಲ್ಲ. ಬಸ್ಸಿನಲ್ಲಿ ಚೀಲ ಹಿಡಿದು ತಲಪಾಡಿ ದಾಟುವ ಉಪಾಯವನ್ನು ನಾನು ಹೇಳಿಕೊಡುವುದಿಲ್ಲ. ಆಡಿನ ಮುಂಗಾಲು, ಕತ್ತಿನ ಮಾಂಸ ತನ್ನಿ. ಇದೇ ಕ್ರಮ, ಲೋದಲ್ಲಿ ಆರು ಗಂಟೆ ಸಾಕು.

ಅಮ್ಮನಿಗೆ ಎಂಬತ್ತೆರಡು. ಹಲ್ಲಿಲ್ಲ, ಕಟ್ಟಿಸಿದ ಹಲ್ಲು ಹಾಕಿಕೊಳ್ಳುವುದಿಲ್ಲ. ಬೀಫ್ ತಿನ್ನದೆ ಐದು ವರ್ಷವಾಯಿತು, ನಾವು ತಿನ್ನುವಾಗ ಎದ್ದು ಒಳಗೆ ಹೋಗುತ್ತಾರೆ. ಅವರಿಗೆ ಆಗುವಂಥದ್ದು ಏನಾದರೂ?
— ಮಂಜೇಶ್ವರದ ಮಗಳು

ಕಾಲಿನ ಮಾಂಸ ಅರ್ಧ ಕಿಲೋ, ಜೊತೆಗೆ ಮಜ್ಜೆಯಿರುವ ಎಲುಬು ಎರಡು ತುಂಡು. ಎಲುಬು ಕೇಳಿದರೆ ಕೆಲವು ಅಂಗಡಿಯವರು ಸುಮ್ಮನೆಯೇ ಕೊಡುತ್ತಾರೆ. ಮಾಂಸವನ್ನು ಎಳೆಗೆ ಅಡ್ಡವಾಗಿ, ಕಿರುಬೆರಳಿನ ದಪ್ಪಕ್ಕೆ ಕೊಯ್ಯಿರಿ. ಉದ್ದಕ್ಕೆ ಕೊಯ್ದರೆ ಎಷ್ಟು ಬೆಂದರೂ ಎಳೆ ಉದ್ದ ಉಳಿದು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಈ ವಯಸ್ಸಿನಲ್ಲಿ ಅದು ಅಪಾಯ. ಖಾರ ಕಡಿಮೆ ಮಾಡಿ. ಶುಂಠಿ, ಕಾಳುಮೆಣಸು, ಎರಡು ನೀರುಳ್ಳಿ, ಚಿಟಿಕೆ ಅರಸಿನ, ಮೂರು ಲೋಟ ನೀರು. ಮೊದಲು ಗ್ಯಾಸಿನ ಮೇಲೆ ಒಂದು ಕುದಿ ಬರಿಸಿ ನೊರೆ ತೆಗೆದು, ರಾತ್ರಿ ಹತ್ತಕ್ಕೆ ಸ್ಲೋ ಕುಕ್ಕರಿನಲ್ಲಿ ಲೋಗೆ ಇಡಿ. ಬೆಳಿಗ್ಗೆ ಎಂಟಕ್ಕೆ ಚಮಚದ ಬೆನ್ನಿನಿಂದ ಒತ್ತಿದರೆ ಮಾಂಸ ಅವಲಕ್ಕಿಯಂತೆ ಒಡೆಯಬೇಕು. ಒಡೆಯದಿದ್ದರೆ ಇನ್ನೊಂದು ಗಂಟೆ. ಎಲುಬು ತೆಗೆದು, ಮಜ್ಜೆಯನ್ನು ಸಾರಿಗೇ ಕುಟ್ಟಿ ಬೀಳಿಸಿ. ಚೂರು ಎಲುಬು ಉಳಿದಿಲ್ಲವೆಂದು ಬೆರಳಿನಿಂದ ಒಮ್ಮೆ ತಡಕಿ ನೋಡಿ. ಎರಡು ನೀರುದೋಸೆಯನ್ನು ಹರಿದು ಬಟ್ಟಲಿಗೆ ಹಾಕಿ, ಮೇಲೆ ಆ ಸಾರು ಹೊಯ್ದು ಐದು ನಿಮಿಷ ನೆನೆಯಲು ಬಿಡಿ. ಉಪ್ಪಿನ ಬಗ್ಗೆ ಅವರ ಡಾಕ್ಟರು ಏನು ಹೇಳಿದ್ದಾರೆ ಎಂದು ನೋಡಿಕೊಂಡು ಹಾಕಿ.

ಉಳಿದ ಸಾರನ್ನು ಅಗಲ ಪಾತ್ರೆಗೆ ಸುರಿದು ಬೇಗ ತಣಿಸಿ ಫ್ರಿಜ್ಜಿನಲ್ಲಿಡಿ. ಮರುದಿನ ಅದು ಹಲ್ವದ ಹಾಗೆ ಗಟ್ಟಿಯಾಗಿರುತ್ತದೆ, ಕೆಟ್ಟಿತೆಂದು ಎಸೆಯಬೇಡಿ. ಬಿಸಿ ಮಾಡಲು ಸ್ಲೋ ಕುಕ್ಕರಿಗೆ ಹಾಕಬೇಡಿ, ಅದು ತಣ್ಣಗಿನದನ್ನು ಬಿಸಿ ಮಾಡಲು ತೆಗೆದುಕೊಳ್ಳುವ ಹೊತ್ತು ಹೆಚ್ಚು. ಗ್ಯಾಸಿನ ಮೇಲೆ ಕುದಿಸಿ ಕೊಡಿ.

ಅಮ್ಮನಿಗೆ ಹಿಡಿಸಿತೇ ಎಂದು ಒಂದು ಸಾಲು ಬರೆದು ಹಾಕಿ.

ನನ್ನ ತಮ್ಮ ಅಮೆರಿಕದಿಂದ ತಂದ ಸ್ಲೋ ಕುಕ್ಕರ್ ಪ್ಲಗ್ ಹಾಕಿದ ಕೂಡಲೇ ಹೊಗೆ ಬಂತು.
— ನೀರ್ಚಾಲು

ಅಲ್ಲಿನ ಕರೆಂಟ್ 120 ವೋಲ್ಟ್, ನಮ್ಮದು 230. ದುಬೈಯಿಂದ ಬಂದದ್ದಾದರೆ ವೋಲ್ಟ್ ಹೊಂದುತ್ತದೆ, ಮೂರು ಚಪ್ಪಟೆ ಕಾಲಿನ ಪ್ಲಗ್ ಬದಲಿಸಿದರೆ ಸಾಕು. ನಿಮ್ಮದರ ಒಳಗಿನ ಪಿಂಗಾಣಿ ಪಾತ್ರೆ ಚೆನ್ನಾಗಿದ್ದರೆ ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ ತುಂಬಿಡಿ.